ತಂತಿ ಹೆಚ್ಚಿತು, ಎಡಗೈ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮಂಗಳೂರಿನವಳು. ಹನ್ನೊಂದು ವರ್ಷಗಳಿಂದ ವೀಣೆ ಕಲಿಯುತ್ತಿದ್ದೇನೆ. ಈಚೆಗೆ ಕೊರಿಯಾದ ಗಯಾಗುಮ್ ವಾದನದ ವಿಡಿಯೊಗಳನ್ನು ನೋಡುತ್ತಾ ಗೊಂದಲಕ್ಕೆ ಬಿದ್ದೆ. ಒಬ್ಬರ ವಾದ್ಯದಲ್ಲಿ 12 ತಂತಿ, ಇನ್ನೊಬ್ಬರದರಲ್ಲಿ 25. ಮಂಗೋಲಿಯಾದ ಯಾತ್ಗಾ ಕೂಡ ನೋಡಲು ಹಾಗೆಯೇ ಇದೆ, ಅದಕ್ಕೆ 21. ಇವೆಲ್ಲ ಒಂದೇ ವಾದ್ಯವೇ? ಹೀಗೆ ತಂತಿ ಸೇರಿಸುತ್ತಾ ಹೋದರೆ ಹಳೆಯ ವಾದ್ಯ ಉಳಿಯಿತು ಎನ್ನಬೇಕೋ, ಹೋಯಿತು ಎನ್ನಬೇಕೋ? ಕಲಿಯಲು ಒಂದನ್ನು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ: ಕೊಳ್ಳುವ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಅದಕ್ಕೆ ಮೊದಲು ಈ ವಾದ್ಯ ನುಡಿಯುವುದು ಹೇಗೆ ಎಂಬುದು ನಿಮ್ಮ ಕೈಗೆ ತಿಳಿಯಬೇಕು. ಅದು ತಿಳಿಯದೆ ತಂತಿಗಳ ಲೆಕ್ಕ ಹಿಡಿದು ಕುಳಿತರೆ ವಾದ ಮುಗಿಯುವುದಿಲ್ಲ.

ಉದ್ದನೆಯ ಟೊಳ್ಳು ಮರದ ಹಲಗೆ, ಅದರ ಉದ್ದಕ್ಕೂ ಎಳೆದ ತಂತಿಗಳು, ಒಂದೊಂದು ತಂತಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ, ಬೇಕಾದಲ್ಲಿಗೆ ಸರಿಸಬಹುದಾದ ಒಂದೊಂದು ಆಧಾರ, ಅಂದರೆ ಕುದುರೆ: ಗಯಾಗುಮ್ ಎಂದರೆ ಇಷ್ಟೇ. ಗಾಯಕರು ತೊಡೆಯ ಮೇಲಿಟ್ಟುಕೊಳ್ಳುವ ಸ್ವರಮಂಡಲ ದೂರದ ನೆಂಟ ಅಂದುಕೊಳ್ಳಿ. ಚೀನಾದ ಗುಜೆಂಗ್, ಜಪಾನಿನ ಕೊಟೊ, ವಿಯೆಟ್ನಾಮಿನ ದಾನ್ ಚಾನ್, ಮಂಗೋಲಿಯಾದ ಯಾತ್ಗಾ ಹತ್ತಿರದ ಅಕ್ಕತಂಗಿಯರು. ನಾವು ಕುದುರೆ ಎನ್ನುವುದನ್ನು ಕೊರಿಯಾದವರು ಅಂಜೊಕ್, ಅಂದರೆ ಹೆಬ್ಬಾತಿನ ಕಾಲು ಎನ್ನುತ್ತಾರೆ. ಸಾಲಾಗಿ ನಿಂತ ಆ ಕವಲುಗಾಲುಗಳನ್ನು ನೋಡಿದರೆ ಹೆಸರು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ.

ವೀಣೆಯಲ್ಲಿ ಸ್ವರ ಮೆಟ್ಟಿಲಿನಲ್ಲಿದೆ, ಅಂದರೆ ತಂತಿಯ ಕೆಳಗಿನ ಅಡ್ಡಪಟ್ಟಿಯಲ್ಲಿದೆ. ಇಲ್ಲಿ ಒಂದು ತಂತಿಗೆ ಒಂದೇ ಸ್ವರ. ಕುದುರೆಯ ಬಲಗಡೆ ಬಲಗೈ ಬೆರಳಿನಿಂದ ಮೀಟುತ್ತಾರೆ. ಉಗುರುಕೊಂಡಿ ಇಲ್ಲ, ಬರಿಯ ಬೆರಳು. ಕುದುರೆಯ ಎಡಗಡೆ ಉಳಿದ ತಂತಿಯನ್ನು ಎಡಗೈಯಿಂದ ಒತ್ತುತ್ತಾರೆ. ಒತ್ತಿದಾಗ ತಂತಿ ಬಿಗಿಯುತ್ತದೆ, ಸ್ವರ ಮೇಲೇರುತ್ತದೆ, ನಡುಗುತ್ತದೆ, ಕೆಲವೊಮ್ಮೆ ಬಿಕ್ಕಿದಂತೆ ಮುರಿದು ಕೆಳಗೆ ಬೀಳುತ್ತದೆ. ಇದಕ್ಕೆ ನೊಂಗ್‌ಹ್ಯೊನ್ ಎಂದು ಹೆಸರು. ಗಮಕ ಎಂದರೆ ನಿಮಗೆ ಅರ್ಥವಾಗುತ್ತದೆ, ತಪ್ಪೂ ಆಗುವುದಿಲ್ಲ. ಒಂದು ಸ್ಥಾಯಿಗೆ ಐದು ಸ್ವರದಂತೆ 12 ತಂತಿಗಳನ್ನು ಕೂಡಿಸಿದರೆ ಎರಡೂವರೆ ಸ್ಥಾಯಿಯ ಹತ್ತಿರ ಸಿಗುತ್ತದೆ. ಕೊರಿಯಾದ ಒಂದು ಮುಖ್ಯ ಸ್ವರಶ್ರೇಣಿಯನ್ನು ಕೇಳಿದರೆ ನಿಮ್ಮ ಕಿವಿ ಶುದ್ಧ ಸಾವೇರಿ ರಾಗ ಎನ್ನುತ್ತದೆ. ಆ ಐದು ಸ್ವರಗಳ ನಡುವಿನ ಜಾಗದಲ್ಲಿ ನಡೆಯುವುದೆಲ್ಲ ಎಡಗೈಯ ವ್ಯವಹಾರ. ಇದಕ್ಕೆ ತಂತಿ ಸ್ವಲ್ಪ ಸಡಿಲವಾಗಿರಲೇಬೇಕು. ಹೊಸೆದ ರೇಷ್ಮೆಯ ತಂತಿ ಹಾಗೆ ಬಗ್ಗುತ್ತದೆ.

ಈ ಸಡಿಲವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರದೇ.

ಪರಂಪರೆಯನ್ನು ಮುಟ್ಟಬಾರದು ಎನ್ನುವವರಿಗೆ ನಾನು ಮೊದಲು ಹೇಳುವುದು ಉರುಕ್‌ನ ಪ್ರಸಂಗವನ್ನು. 1145ರಲ್ಲಿ ಸಿದ್ಧವಾದ ‘ಸಂಗುಕ್ ಸಾಗಿ’ ಎಂಬ ಇತಿಹಾಸಗ್ರಂಥದಲ್ಲಿ ಅದಿದೆ. ಕೊರಿಯಾದ ಹಳೆಯ ಗಯಾ ನಾಡಿನ ಗಾಸಿಲ್ ಎಂಬ ಅರಸ ಚೀನಾದ ವಾದ್ಯವನ್ನು ನೋಡಿ ತನ್ನದೊಂದನ್ನು ಮಾಡಿಸಿದ. ನಾಡು ನಾಡಿನ ನುಡಿ ಬೇರೆಯಾಗಿರುವಾಗ ನಾದ ಒಂದೇ ಆಗಿರುವುದು ಹೇಗೆ ಎಂದು ಯೋಚಿಸಿ, ಉರುಕ್ ಎಂಬ ಸಂಗೀತಗಾರನಿಂದ 12 ರಚನೆಗಳನ್ನು ಮಾಡಿಸಿದ. ವಾದ್ಯಕ್ಕೆ ನಾಡಿನ ಹೆಸರೇ ಬಂತು. ಆಮೇಲೆ ಗಯಾಕ್ಕೆ ಕೆಟ್ಟ ಕಾಲ ಬಂದು, ಉರುಕ್ ವಾದ್ಯವನ್ನು ಹೊತ್ತು ಪಕ್ಕದ ಸಿಲ್ಲಾ ರಾಜ್ಯಕ್ಕೆ ಹೋದ. 551ರಲ್ಲಿ ಅಲ್ಲಿನ ಅರಸ ಜಿನ್ಹಂಗ್ ಅವನ ವಾದನ ಕೇಳಿ, ಕಲಿಯಲು ಮೂವರು ಶಿಷ್ಯರನ್ನು ಒಪ್ಪಿಸಿದ. ಶಿಷ್ಯರು 12 ರಚನೆಗಳನ್ನು ಕಲಿತು, ‘ಇದು ಬಹಳ ಗಜಿಬಿಜಿಯಾಗಿದೆ, ಘನತೆ ಸಾಲದು’ ಎಂದು ಕತ್ತರಿಸಿ ಐದಕ್ಕೆ ಇಳಿಸಿದರು! ಗುರುವಿಗೆ ಸಿಟ್ಟು ಬಂತು. ಆದರೆ ಕುಳಿತು ಐದನ್ನೂ ಕೇಳಿದ ಮೇಲೆ ಕಣ್ಣೀರು ಹಾಕಿ, ಸಂತೋಷವಿದೆ ಆದರೆ ಹದ ಮೀರಿಲ್ಲ, ದುಃಖವಿದೆ ಆದರೆ ಗೋಳಾಗಿಲ್ಲ ಎಂದನಂತೆ. ಅಳಿದ ನಾಡಿನ ಸಂಗೀತ ನಮಗೇಕೆ ಎಂದು ಆಸ್ಥಾನದವರು ತಕರಾರು ತೆಗೆದಾಗ ಅರಸ, ಕೆಟ್ಟದ್ದು ಅಲ್ಲಿಯ ಅರಸ, ಸಂಗೀತ ಮಾಡಿದ ತಪ್ಪೇನು ಎಂದು ಅವರ ಬಾಯಿ ಮುಚ್ಚಿಸಿದ.

ಗಯಾಗುಮ್ ಕುರಿತ ಈ ಹಳೆಯ ಬರಹದಲ್ಲೇ ವಲಸೆ, ತಿದ್ದುಪಡಿ, ಸಂಪ್ರದಾಯಸ್ಥರ ಗೊಣಗಾಟ ಮೂರೂ ಸಿಕ್ಕಿದವಲ್ಲ. (ಅರಸನೇ ಮಾಡಿಸಿದ ಎಂಬ ಮಾತನ್ನು ಅಕ್ಷರಶಃ ನಂಬಬೇಡಿ. ಅದಕ್ಕೂ ಶತಮಾನಗಳ ಹಿಂದಿನ ಮರದ ತಂತಿವಾದ್ಯದ ಅವಶೇಷ ಗ್ವಾಂಗ್ಜು ಬಳಿಯ ಉತ್ಖನನದಲ್ಲಿ ಸಿಕ್ಕಿದೆ.) ಆ ಕಾಲದ ರೂಪ ಹೇಗಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕೊರಿಯಾದಲ್ಲಲ್ಲ, ಜಪಾನಿನ ನಾರಾ ನಗರದ ಶೊಸೊಇನ್ ಭಂಡಾರದಲ್ಲಿದೆ. ಸಿಲ್ಲಾದಿಂದ ಹೋದ 12 ತಂತಿಯ ವಾದ್ಯಗಳು ಅಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಇವೆ. ಬಾಲದ ಕಡೆ ಟಗರಿನ ಕೊಂಬಿನಂತೆ ಎರಡು ಕಡೆ ಚಾಚಿಕೊಂಡ ಹಲಗೆ. ಇಂದಿಗೂ ಆಸ್ಥಾನ ಸಂಗೀತದ ಗಯಾಗುಮ್‌ಗೆ ಇದೇ ಬಾಲ.

‘ಆಸ್ಥಾನ ಸಂಗೀತದ’ ಎಂದು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನೀವು ನೋಡಿದ 12 ತಂತಿಯ ವಾದ್ಯ ಬಹುಶಃ ಅದಲ್ಲ. 19ನೇ ಶತಮಾನದ ಕೊನೆಯಲ್ಲಿ ದಕ್ಷಿಣದ ಜೊಲ್ಲಾ ಪ್ರಾಂತ್ಯದ ಜನಪದ ಸಂಗೀತಗಾರರು ಸಾಂಜೊ ಎಂಬ ತನಿವಾದನದ ಪ್ರಕಾರವನ್ನು ಬೆಳೆಸಿದರು. ಅದಕ್ಕೆ ರೂಪ ಕೊಟ್ಟವನೆಂದು ಕಿಮ್ ಚಾಂಗ್-ಜೊ (1865–1919) ಹೆಸರನ್ನು ಹೇಳುತ್ತಾರೆ. ಜಾಂಗ್ಗು ಎಂಬ ಚರ್ಮವಾದ್ಯದ ಜೊತೆ ಜಿನ್ಯಾಂಗ್ಜೊ ಎಂಬ ಬಹು ನಿಧಾನದ ತಾಳದಲ್ಲಿ ಹೊರಟು, ಹಂತ ಹಂತವಾಗಿ ಕಾಲ ಏರಿಸುತ್ತಾ ಬಿರುಸಿನಲ್ಲಿ ಮುಗಿಸುವುದು. ನಡುನಡುವೆ ಮದ್ದಳೆಗಾರನಂತೆ ಜಾಂಗ್ಗುವಿನವನು ‘ಒಲ್ಸಿಗು!’ ಎಂದು ಹುರಿದುಂಬಿಸುತ್ತಾನೆ. ಆಸ್ಥಾನದ ವಾದ್ಯ ಅಗಲ, ತಂತಿಗಳ ನಡುವೆ ಅಂತರ ಹೆಚ್ಚು, ಬೆರಳು ಅಷ್ಟು ಬೇಗ ಓಡದು. ಹಾಗಾಗಿ ಸಾಂಜೊ ವಾದಕರು ವಾದ್ಯವನ್ನೇ ಕಿರಿದು ಮಾಡಿದರು, ತಂತಿಗಳನ್ನು ಹತ್ತಿರ ತಂದರು. ಒಂದೇ ದಿಮ್ಮಿಯನ್ನು ಕೊರೆಯುವುದರ ಬದಲು ಮುಂದಕ್ಕೆ ಪೌಲೋನಿಯಾ ಮರ, ಹಿಂದಕ್ಕೆ ಚೆಸ್ಟ್‌ನಟ್ ಮರ ಸೇರಿಸಿ ಪೆಟ್ಟಿಗೆಯಂತೆ ಕಟ್ಟಿದರು. ಇಂದು ನಾವು ಅತ್ಯಂತ ಸಾಂಪ್ರದಾಯಿಕ ಎಂದು ಕೈಮುಗಿಯುವ ವಾದ್ಯ ಒಂದು ಕಾಲದ ದಿಟ್ಟ ಸುಧಾರಣೆ. ಆದರೂ ಅದು ಹಳೆಯದನ್ನು ಹೊರಗೆ ಹಾಕಲಿಲ್ಲ. ಎರಡೂ ಇವತ್ತಿನವರೆಗೆ ಜೊತೆಜೊತೆಗೆ ಬಾಳುತ್ತಿವೆ. ಆ ಬದಲಾವಣೆಯಲ್ಲಿ ಎಡಗೈಯ ಕೆಲಸ ಹೆಚ್ಚಿತು, ಕಡಿಮೆಯಾಗಲಿಲ್ಲ ಎಂಬುದನ್ನೂ ಗಮನಿಸಿ.

ಮರದ ಮಾತು ಬಂದಿದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಪೌಲೋನಿಯಾ ಹಲಗೆಗಳನ್ನು ಸೀಳಿ ತಂದು ನೆರಳಿನಲ್ಲಿ ಜೋಪಾನ ಮಾಡುವುದಿಲ್ಲ. ಬಯಲಿನಲ್ಲಿ ಒರಗಿಸಿ, ಬಿಸಿಲು ಮಳೆ ಹಿಮಗಳಿಗೆ ವರ್ಷಗಟ್ಟಲೆ ಒಡ್ಡಿಬಿಡುತ್ತಾರೆ. ಬಿರುಕು ಬಿಡುವುದು, ಕೊಳೆಯುವುದು ಅಲ್ಲೇ ಆಗಿಹೋಗಲಿ ಎಂದು. ಎಲ್ಲವನ್ನೂ ತಡೆದುಕೊಂಡು ಉಳಿದ ಹಲಗೆ ವಾದ್ಯವಾಗುತ್ತದೆ. ಮೇಲ್ಮೈಯನ್ನು ಕಾದ ಕಬ್ಬಿಣದಿಂದ ಸುಟ್ಟು ಉಜ್ಜಿದಾಗ ಮರದ ಗೆರೆಗಳು ಎದ್ದು ಬರುತ್ತವೆ. ರೇಷ್ಮೆ ಎಳೆಗಳನ್ನು ಹೊಸೆದು, ಪೈನ್ ಮರದ ತುಂಡಿಗೆ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ದಕ್ಷಿಣ ಕೊರಿಯಾ ಸರ್ಕಾರ ವಾದ್ಯ ತಯಾರಿಸುವ ಈ ಕಸುಬನ್ನೇ 1971ರಲ್ಲಿ ಅಮೂರ್ತ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿ, ಬಲ್ಲವರಿಗೆ ಮನ್ನಣೆ ಮತ್ತು ಮಾಸಾಶನ ಕೊಡುತ್ತಾ ಬಂದಿದೆ. ವಾದಕನನ್ನು ಸನ್ಮಾನಿಸಿ ಬಡಗಿಯನ್ನು ಮರೆಯುವ ದೇಶಗಳ ನಡುವೆ ಇದು ದೊಡ್ಡ ಮಾತು.

ರಕ್ಷಣೆಯ ವ್ಯವಸ್ಥೆ ಹುಟ್ಟಿದ್ದು ಸುಖದ ದಿನಗಳಲ್ಲಲ್ಲ. ಜಪಾನಿನ ಆಳ್ವಿಕೆಯಲ್ಲಿ ಆಸ್ಥಾನ ಸಂಗೀತದ ಮೇಳ ಸೊರಗಿ ಬದುಕಿತ್ತು. ಇಂದಿನ ರಾಷ್ಟ್ರೀಯ ಗುಗಾಕ್ (ಕೊರಿಯಾದ ಸಾಂಪ್ರದಾಯಿಕ ಸಂಗೀತ) ಕೇಂದ್ರ ಬಾಗಿಲು ತೆರೆದದ್ದು 1951ರಲ್ಲಿ, ಕೊರಿಯಾ ಯುದ್ಧದ ನಡುವೆ, ನಿರಾಶ್ರಿತರಿಂದ ತುಂಬಿದ್ದ ಬುಸಾನ್ ಬಂದರಿನಲ್ಲಿ. ಅದೇ ವರ್ಷ ಅದೇ ಊರಿನಲ್ಲಿ, ಸೋಲ್‌ನಿಂದ ಓಡಿಬಂದಿದ್ದ ಕುಟುಂಬದ ಹದಿಹರೆಯದ ಹುಡುಗನೊಬ್ಬ ಗಯಾಗುಮ್ ಕೇಳಿ ಮರುಳಾದ. ಹ್ವಾಂಗ್ ಬ್ಯುಂಗ್-ಕಿ (1936–2018) ಕಾನೂನು ಓದಿದರೂ ವಕೀಲನಾಗಲಿಲ್ಲ. 1962ರಲ್ಲಿ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯ್ದೆ ಬಂತು. ಸರಿಸುಮಾರು ಆಗಲೇ ಹ್ವಾಂಗ್ ಈ ವಾದ್ಯಕ್ಕೆ ಆಧುನಿಕ ರಚನೆಗಳನ್ನು ಬರೆಯತೊಡಗಿದರು. ಒಂದು ಕಡೆ ಹಳೆಯದನ್ನು ಕಾಯುವ ಕಾನೂನು, ಇನ್ನೊಂದು ಕಡೆ ಅದೇ ಹಳೆಯ ವಾದ್ಯಕ್ಕೆ ಹೊಸ ಸಂಗೀತ.

ಹ್ವಾಂಗ್ ಅವರ 1974ರ ‘ಚಿಮ್‌ಹ್ಯಾಂಗ್ಮು’ ನಿಮಗೆ ಮುಖ್ಯ. ಹೊಸ ಸಂಗೀತ ಬೇಕೆಂದಾಗ ಅವರು ತಂತಿ ಸೇರಿಸಲಿಲ್ಲ, ಶ್ರುತಿಯನ್ನು ಬದಲಿಸಿದರು. ಬೌದ್ಧ ಮಂತ್ರಗಾಯನದ ಛಾಯೆಯಲ್ಲಿ 12 ಕುದುರೆಗಳನ್ನು ಬೇರೆ ಜಾಗದಲ್ಲಿ ನಿಲ್ಲಿಸಿದರು. ಅಷ್ಟಕ್ಕೇ ವಾದ್ಯ ಹೊಸ ಊರು ಸೇರಿದಂತಾಯಿತು. ಮರುವರ್ಷದ ‘ಮಿಗುಂಗ್’ನಲ್ಲಿ ಅದೇ ವಾದ್ಯವನ್ನು ಚೆಲ್ಲೊ ಕಮಾನಿನಿಂದ ಉಜ್ಜಿದರು. ಜೊತೆಗೆ ಒಬ್ಬ ಹೆಂಗಸು ನಗುತ್ತಾಳೆ, ಅಳುತ್ತಾಳೆ, ಚೀರುತ್ತಾಳೆ. ಕೇಳುಗರು ಬೆಚ್ಚಿಬಿದ್ದರಂತೆ. ರಾತ್ರಿ ಒಬ್ಬರೇ ಇರುವಾಗ ಕೇಳಬೇಡಿ, ನಾನು ಕೇಳಿ ಪಶ್ಚಾತ್ತಾಪಪಟ್ಟಿದ್ದೇನೆ.

ಇನ್ನು ಸಂರಕ್ಷಣೆಯಿಂದಲೂ ಕೆಡುಕಾಗುತ್ತದೆ. ಸಾಂಜೊ ಹುಟ್ಟಿದಾಗ ಅದರಲ್ಲಿ ಮನೋಧರ್ಮ, ಅಂದರೆ ನುಡಿಸುತ್ತಲೇ ಕಟ್ಟುವ ಸ್ವಾತಂತ್ರ್ಯವಿತ್ತು. ಕಾಯ್ದೆಯಡಿ ಒಬ್ಬೊಬ್ಬ ವಿದ್ವಾಂಸರ ಬಾನಿಗೂ ಮನ್ನಣೆ ಸಿಕ್ಕಮೇಲೆ ಅದು ಸ್ವರ ಸ್ವರವಾಗಿ ಬಾಯಿಪಾಠವಾಯಿತು. ಕಿಮ್ ಚಾಂಗ್-ಜೊ ಅವರ ಮೊಮ್ಮಗಳು ಕಿಮ್ ಜುಕ್-ಪಾ (1911–1989) ಮದುವೆಯ ನಂತರ ದಶಕಗಳ ಕಾಲ ವೇದಿಕೆಯಿಂದ ದೂರವಿದ್ದು, ಆಮೇಲೆ ಮರಳಿ ಬಂದು, ಅಜ್ಜನಿಂದ ಬಂದದ್ದಕ್ಕೆ ತಮ್ಮದನ್ನೂ ಸೇರಿಸಿ ಬೆಳೆಸಿದರು. ಅವರಿಗೆ ಸೇರಿಸುವ ಸ್ವಾತಂತ್ರ್ಯವಿತ್ತು. ಇಂದು ಅವರ ಬಾನಿಯನ್ನು ಪರೀಕ್ಷೆಗೆ ಒಪ್ಪಿಸುವ ವಿದ್ಯಾರ್ಥಿಗೆ ಅದೇ ಸ್ವಾತಂತ್ರ್ಯವಿಲ್ಲ. ಬರೆದಿಟ್ಟ ಕಲ್ಪನಾಸ್ವರವನ್ನು ಒಪ್ಪಿಸಿದಂತೆ, ಬೆರಳು ಸರಿ, ಉಸಿರು ಇನ್ನೊಬ್ಬರದು. ಈ ಬಗ್ಗೆ ಕೊರಿಯಾದಲ್ಲೇ ಬೇಕಾದಷ್ಟು ತಕರಾರಿದೆ.

ಈಗ 25 ತಂತಿಗೆ ಬರುತ್ತೇನೆ. ತಂತಿ ಹೆಚ್ಚಿಸುವ ಪ್ರಯೋಗ ಮೊದಲು ಜೋರಾಗಿ ನಡೆದದ್ದು ಉತ್ತರ ಕೊರಿಯಾದಲ್ಲಿ, 1960ರ ದಶಕದಲ್ಲಿ. ಅಲ್ಲಿ ಅದು ಸರ್ಕಾರದ ಧೋರಣೆ: ಜನಪದ ವಾದ್ಯಗಳು ಪಾಶ್ಚಾತ್ಯ ವಾದ್ಯಗಳ ಜೊತೆ ಕೂತು ಏಳು ಸ್ವರದಲ್ಲಿ ನುಡಿಯಬೇಕು. ಹೀಗೆ 21 ತಂತಿಯ ಗಯಾಗುಮ್ ಬಂತು, ರೇಷ್ಮೆಯ ಜಾಗಕ್ಕೆ ಬೇರೆ ತಂತಿ ಬಂತು. ಕೊರಿಯಾದ ಇನ್ನೊಂದು ವಾದ್ಯವಾದ ಆರು ತಂತಿಯ ಕೊಮುಂಗೊ ಹಳೆಯ ಆಳುವ ವರ್ಗದ ಪಂಡಿತರ ವಾದ್ಯವೆನಿಸಿಕೊಂಡು ಮೂಲೆಗೆ ಸರಿಯಿತು. 1970ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, 33 ತಂತಿ ಮತ್ತು ಹಾರ್ಪ್‌ನಂತೆ ಪೆಡಲ್ ಇರುವ ಒಕ್ರ್ಯುಗುಮ್ ಎಂಬ ಹೊಸ ವಾದ್ಯವನ್ನೇ ಕಟ್ಟಿದರು. ದಕ್ಷಿಣದಲ್ಲಿ 15, 17, 18, 21, 22 ಎಂದು ಹಲವು ಪ್ರಯೋಗಗಳು ನಡೆದು, 1990ರ ದಶಕದಲ್ಲಿ 25 ತಂತಿಯದು ನೆಲೆ ನಿಂತಿತು. ಏಳು ಸ್ವರ, ಮೂರೂವರೆ ಸ್ಥಾಯಿ, ಸಿಂಥೆಟಿಕ್ ತಂತಿ. ತೊಡೆಯ ಮೇಲಿಂದ ಇಳಿದು ಸ್ಟ್ಯಾಂಡ್ ಮೇಲೆ ಕುಳಿತಿತು.

ಸಿಕ್ಕಿದ್ದೇನು? ಎರಡೂ ಕೈಯಲ್ಲಿ ಮೀಟಬಹುದು, ಹಲವು ಸ್ವರ ಒಟ್ಟಿಗೆ ನುಡಿಸಬಹುದು, ವಾದ್ಯಗೋಷ್ಠಿಯಲ್ಲಿ ಕೇಳಿಸುವಷ್ಟು ದನಿ ಇದೆ. 1999ರಲ್ಲಿ ಶುರುವಾದ ಸೂಕ್ಮ್ಯುಂಗ್ ಗಯಾಗುಮ್ ಆರ್ಕೆಸ್ಟ್ರಾದಂಥ ಬರಿಯ ಗಯಾಗುಮ್‌ಗಳ ಮೇಳ ಸಾಧ್ಯವಾಯಿತು. ಪಾಶ್ಚಾತ್ಯ ಸಂಗೀತದಿಂದ ಸಿನಿಮಾ ಹಾಡಿನವರೆಗೆ ಏನು ಬೇಕಾದರೂ ನುಡಿಸಬಹುದು. ಹೋದದ್ದೇನು? ಎಡಗೈ ಮೀಟಲು ಹೋದಾಗ ಒತ್ತುವವರು ಯಾರು? ತಂತಿ ಬಿಗಿ, ಹಾಗಾಗಿ ಆಳಕ್ಕೆ ಒತ್ತಲು ಆಗದು. ಪಕ್ಕದ ತಂತಿಯಲ್ಲೇ ಮುಂದಿನ ಸ್ವರ ಸಿದ್ಧವಾಗಿ ಕುಳಿತಿರುವಾಗ ಅಲ್ಲಿಗೆ ಜಾರುವ ಅಗತ್ಯವೂ ಇಲ್ಲ. ವೀಣೆಯ ಮೇಲೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಗಮಕವಿಲ್ಲದೆ ಬರಿಯ ಮೆಟ್ಟಿಲ ಮೇಲೆ ತೋಡಿ ರಾಗ ನುಡಿಸಿ ನೋಡಿ.

ಹಾಗೆಂದು 25 ತಂತಿಯನ್ನು ನಾನು ಹಳಿಯುವುದಿಲ್ಲ. ಅದನ್ನು ಹಳೆಯದರ ಸುಧಾರಿತ ರೂಪ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದು ಬೇರೆ ವಾದ್ಯ. ಜಪಾನಿನ ಕೊಟೊ ವಾದಕ ಮಿಯಾಗಿ ಮಿಚಿಯೊ 1921ರಲ್ಲಿ ಮಂದ್ರಕ್ಕಾಗಿ 17 ತಂತಿಯ ಕೊಟೊ ಮಾಡಿಸಿದಾಗ 13 ತಂತಿಯದನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲ. ದಕ್ಷಿಣ ಕೊರಿಯಾದಲ್ಲೂ ಸಂಗೀತದ ವಿದ್ಯಾರ್ಥಿ ಆಸ್ಥಾನದ್ದು, ಸಾಂಜೊದ್ದು, 25 ತಂತಿಯದು ಮೂರನ್ನೂ ಕಲಿಯುತ್ತಾನೆ. ಉತ್ತರದಲ್ಲಿ ಹೊಸದು ಬಂದು ಹಳೆಯದನ್ನು ಎಬ್ಬಿಸಿ ಕಳಿಸಿತು. ತಂತಿಯ ಸಂಖ್ಯೆಗಿಂತ ಈ ವ್ಯತ್ಯಾಸ ದೊಡ್ಡದು.

ತಂತಿಯನ್ನು ಮುಟ್ಟದೆ ಆಧುನಿಕವಾಗುವ ದಾರಿಯೂ ಇದೆ. ಕೊಮುಂಗೊವನ್ನು ಸುಲ್ದೆ ಎಂಬ ಬಿದಿರಿನ ಕಡ್ಡಿಯಿಂದ ಹೊಡೆದು ನುಡಿಸುತ್ತಾರೆ. ಆರು ತಂತಿ, 16 ಮೆಟ್ಟಿಲು, ದನಿ ಅರ್ಧ ತಂತಿಯದು, ಅರ್ಧ ಮರಕ್ಕೆ ಬಡಿದ ಸದ್ದಿನದು. 357ರ ಕಾಲದ ಆನಾಕ್ ಸಮಾಧಿಯ ಭಿತ್ತಿಚಿತ್ರದಲ್ಲಿ ಇದರ ಪೂರ್ವಜನಂಥ ವಾದ್ಯ ಕಾಣುತ್ತದೆ. ಜಂಬಿನಾಯಿ ಎಂಬ ತಂಡ ಇದನ್ನು ಇದ್ದ ಹಾಗೆಯೇ ಆಂಪ್ಲಿಫಯರ್‌ಗೆ ಸೇರಿಸಿ, ಎಲೆಕ್ಟ್ರಿಕ್ ಗಿಟಾರಿನ ಗುಡುಗಿನ ನಡುವೆ ನುಡಿಸುತ್ತದೆ. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಸಮಾರೋಪದಲ್ಲಿ ಅವರು ನುಡಿಸಿದ್ದು ಹೀಗೆ. ಪಂಡಿತರು ಏಕಾಂತದಲ್ಲಿ ಮನಸ್ಸು ತಿಳಿಯಾಗಲೆಂದು ನುಡಿಸುತ್ತಿದ್ದ ವಾದ್ಯ ಅದು!

ಮಂಗೋಲಿಯಾದ ಕಥೆ ಬೇರೆ, ಇದಕ್ಕಿಂತ ನೋವಿನದು. ಯಾತ್ಗಾ ಹಿಂದೆ ಅರಮನೆ ಮತ್ತು ಬೌದ್ಧ ಮಠಗಳ ವಾದ್ಯ. 12 ತಂತಿಯದು ಅಲ್ಲಿಗೇ ಮೀಸಲು, ಸಾಮಾನ್ಯರಿಗೆ 10 ತಂತಿಯದು ಎಂಬ ಕಟ್ಟಳೆಯಿತ್ತು ಎಂದು ಹೇಳುತ್ತಾರೆ. ವಾದ್ಯ ಆಶ್ರಯದಾತರ ನೆರಳಿನಲ್ಲಿದ್ದರೆ, ಆಶ್ರಯದಾತರು ಬಿದ್ದಾಗ ಅದೂ ಬೀಳುತ್ತದೆ. 1924ರಲ್ಲಿ ಅರಸೊತ್ತಿಗೆ ಮುಗಿಯಿತು. 1930ರ ದಶಕದ ಕೊನೆಯಲ್ಲಿ ಮಠಗಳನ್ನು ಕೆಡವಿದರು, ಸಾವಿರಾರು ಲಾಮಾಗಳನ್ನು ಕೊಂದರು. ಕುದುರೆ ಸವಾರನ ಜೋಪಡಿಯಲ್ಲೂ ಇದ್ದ ಮೊರಿನ್ ಖೂರ್ ಎಂಬ ಕಮಾನಿನ ತಂತಿವಾದ್ಯ ಉಳಿಯಿತು. ಯಾತ್ಗಾಕ್ಕೆ ಅಂಥ ಮನೆಮನೆಯ ಆಸರೆ ಇರಲಿಲ್ಲ.

1960ರ ದಶಕದಲ್ಲಿ ಉಲಾನ್‌ಬಾತರ್‌ನ ಸಂಗೀತ ಶಾಲೆಯಲ್ಲಿ ಅದನ್ನು ಮತ್ತೆ ಕಲಿಸಬೇಕೆಂದಾಗ ಗುರು ಬಂದದ್ದು ಎಲ್ಲಿಂದ ಗೊತ್ತೇ? ಉತ್ತರ ಕೊರಿಯಾದಿಂದ. ಗಯಾಗುಮ್ ಬಲ್ಲ ಶಿಕ್ಷಕರು ಬಂದು ಮಂಗೋಲಿಯಾದ ಹೊಸ ಪೀಳಿಗೆಯ ಕೈಗೆ ವಾದ್ಯ ಕೊಟ್ಟರು. ನಿಮಗೆ ಎರಡೂ ಒಂದೇ ಥರ ಕಂಡದ್ದು ಕಣ್ಣಿನ ತಪ್ಪಲ್ಲ. ಹಳೆಯ ನೆಂಟಸ್ತಿಕೆಯ ಮೇಲೆ ಈ ಹೊಸ ನೆಂಟಸ್ತಿಕೆಯೂ ಬಿದ್ದಿದೆ. ಆ ಕಾಲದಲ್ಲಿ ಮೊರಿನ್ ಖೂರ್‌ಗೂ ಚರ್ಮದ ಮುಖ ತೆಗೆದು ಮರದ ಮುಖ ಹಾಕಿದರು, ಸಭಾಂಗಣ ತುಂಬಲೆಂದು. ಗಡಿಯಾಚೆ ಚೀನಾದ ಒಳ ಮಂಗೋಲಿಯಾದಲ್ಲಿ ಯಾತ್ಗಾ ಗುಜೆಂಗ್ ಕಡೆ ವಾಲಿತು.

ಹಾಗಾದರೆ ಯಾತ್ಗಾದ ‘ಮೂಲ’ಕ್ಕೆ ಮರಳಬೇಕೆನ್ನುವವರು ಮರಳುವುದು ಎಲ್ಲಿಗೆ? ಒಂದು ದಾರಿ ಚೀನಾವನ್ನು ಆಳಿದ ಮಂಚೂಗಳ ಚಿಂಗ್ ಆಸ್ಥಾನದ ಮೂಲಕ ಹೋಗುತ್ತದೆ. 1634ರಲ್ಲಿ ತೀರಿಕೊಂಡ ಚಾಹರ್ ಮಂಗೋಲರ ಲಿಗ್ದಾನ್ ಖಾನನ ಆಸ್ಥಾನ ಸಂಗೀತವನ್ನು ಗೆದ್ದ ಮಂಚೂಗಳು ಎಸೆಯಲಿಲ್ಲ, ತಮ್ಮ ಔತಣಗಳಿಗೆ ಇಟ್ಟುಕೊಂಡರು, 1746ರ ಸಂಗೀತ ಗ್ರಂಥದಲ್ಲಿ ಸ್ವರಲಿಪಿಯಲ್ಲಿ ಬರೆಸಿದರು. ಆ ಮೇಳದಲ್ಲಿ ಯಾತ್ಗಾದ ಬಗೆಯ ವಾದ್ಯವೂ ಇತ್ತು. ಸೋತವರ ಸಂಗೀತವನ್ನು ಗೆದ್ದವರು ಉಳಿಸಿದ್ದು, ಉರುಕ್‌ನ ಕಥೆಯ ಹಾಗೆಯೇ. ಆದರೆ ಸ್ವರಲಿಪಿ ಬಲಗೈಯನ್ನಷ್ಟೇ ಹೇಳುತ್ತದೆ. ಎಡಗೈ ಏನು ಮಾಡುತ್ತಿತ್ತೆಂದು ಯಾರೂ ಬರೆದಿಡಲಿಲ್ಲ. ಇನ್ನೊಂದು ದಾರಿ ಉರ್ತಿನ್ ದೂ, ಹುಲ್ಲುಗಾವಲಿನ ಉದ್ದನೆಯ ಹಾಡು. ಆ ಕಂಠದ ನಡುಕ, ಜಾರುಗಳನ್ನು ಯಾತ್ಗಾ ತಂತಿಯ ಮೇಲೆ ಒತ್ತಿ ತರುವ ವಾದಕರು ಈಗ ಇದ್ದಾರೆ. 21 ತಂತಿ, ಕೊರಿಯಾದ ಪಾಠ, ಆದರೆ ಎಡಗೈಗೆ ಗುರು ಮಂಗೋಲಿಯಾದ ಗಂಟಲು. ನನ್ನ ಮಟ್ಟಿಗೆ ಇದು 12 ತಂತಿಯ ಪ್ರತಿಕೃತಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ದೊಡ್ಡ ಕೆಲಸ.

ಇನ್ನು ಕೊಳ್ಳುವ ವಿಚಾರ. 12 ತಂತಿಯ ಸಾಂಜೊ ಗಯಾಗುಮ್ ಕೊಳ್ಳಿ. ಮಂಗಳೂರಿನ ಮಳೆಗಾಲಕ್ಕೆ ರೇಷ್ಮೆ ತಂತಿ ಸತಾಯಿಸುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇರುವುದಿಲ್ಲ, ಕುದುರೆಗಳನ್ನು ಮತ್ತೆ ಮತ್ತೆ ಸರಿಸಬೇಕು. ತಂಬೂರಿಗೆ ಜೀವ (ನಾದ ಝೇಂಕರಿಸಲು ತಂತಿಯ ಕೆಳಗಿಡುವ ದಾರ) ಕೂರಿಸಿದ ಕೈಗೆ ಅದು ಕಷ್ಟವಲ್ಲ. ಎಸಿಯ ಗಾಳಿ ನೇರವಾಗಿ ಬೀಳುವಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಒಂದು ಎಚ್ಚರ: ವೀಣೆಯಲ್ಲಿ ನೀವು ತಂತಿಯನ್ನು ಪಕ್ಕಕ್ಕೆ ಎಳೆಯುತ್ತೀರಿ, ಇಲ್ಲಿ ಕೆಳಕ್ಕೆ ಒತ್ತಬೇಕು. ಹಳೆಯ ಅಭ್ಯಾಸದಿಂದ ಪಕ್ಕಕ್ಕೆ ಎಳೆದರೆ ಹೆಬ್ಬಾತಿನ ಕಾಲು ಪಟ್ಟನೆ ಮಗುಚಿ ಬೀಳುತ್ತದೆ. ಮೊದಲ ತಿಂಗಳು ದಿನಕ್ಕೆ ನಾಲ್ಕೈದು ಬಾರಿಯಾದರೂ ಬೀಳುತ್ತದೆ, ಗಾಬರಿಯಾಗಬೇಡಿ, ಎತ್ತಿ ನಿಲ್ಲಿಸಿ.